ಬೆಟ್ಟಕ್ಕೆ ಎರಡು ಬೆಲ್

ಫೆಬ್ರವರಿ ೩, ಮಂಗಳವಾರ

ಈ ಡೈರಿ ನನ್ನದಲ್ಲ, ಇವಳದ್ದು. ವಿಮೆಯವರು ಪುಕ್ಕಟೆ ಕೊಟ್ಟದ್ದು. ಬೆಳಗ್ಗೆ ನನ್ನ ಮುಂದೆ ತಂದು ಕುಕ್ಕಿದಳು.

"ನೋಡ್ರೀ, ನಾಲ್ಕು ದಿನದಿಂದ ನನ್ನ ಕಿವಿ ತೂತು ಬಿದ್ದಿದೆ. ಬೈಯೋದೆಲ್ಲ ಇನ್ಮೇಲೆ ಇದರಲ್ಲಿ ಬರ್ಕೊಳ್ಳಿ. ಹಾಗೇ ಬೆಟ್ಟಕ್ಕೆ ಹೋಗೋ ತಯಾರಿನೂ ಮಾಡಿ. ಸುಮ್ನೆ ಕೂತ್ರೆ ನಿಮಗೂ ಹುಚ್ಚು ಹಿಡಿಯುತ್ತೆ, ನನಗೂ ಹಿಡಿಸ್ತೀರಿ."

ಸರಿ, ಬರೆಯುತ್ತೇನೆ. ಮೊದಲನೆಯ ಮಾತು: ನಾನು ಜರ್ಕ್ ಹೊಡೆಸಲಿಲ್ಲ.

ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ್ದೇನೆ. ನನ್ನ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುವುದಿಲ್ಲ. ಡಿಪೋದಲ್ಲಿ ನನ್ನನ್ನು ಕರೆಯುವುದೇ ತುಂಬಿದ ಕೊಡ ಎಂದು. ತುಂಬಿದ ಕೊಡ ಹಿಡಿದು ಹತ್ತಿದರೂ ಒಂದು ಹನಿ ತುಳುಕದು ಅಂತ. ಆ ಹೆಸರು ಇಟ್ಟವನು ಯಾರು? ನನ್ನ ಕಂಡಕ್ಟರು, ಚಿಲ್ಲರೆ. 'ಚಿಲ್ಲರೆ ಇಲ್ಲ' ಎಂದು ಯಾವ ಪ್ರಯಾಣಿಕನಿಗೂ ಹೇಳದ ಕಂಡಕ್ಟರು ಲೋಕದಲ್ಲಿ ಇವನೊಬ್ಬನೇ ಆದ್ದರಿಂದ ಅವನಿಗೆ ಆ ಹೆಸರು. ಇಪ್ಪತ್ತೊಂದು ವರ್ಷ ನನ್ನ ಬೆನ್ನ ಹಿಂದೆ ಬೆಲ್ ಹೊಡೆದವನು. ಈಗ ಬೆನ್ನಿಗೇ ಹೊಡೆದ.

ನಮ್ಮ ಬಸ್ಸಿನಲ್ಲಿ ಹಿಂದಿನ ಬಾಗಿಲು ಡ್ರೈವರಿಗೆ ಕಾಣುವುದಿಲ್ಲ. ಅಲ್ಲಿ ಕಂಡಕ್ಟರೇ ಅವನ ಕಣ್ಣು. ಒಂದು ಬೆಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಕಳೆದ ಗುರುವಾರ ಮಾರ್ಕೆಟ್ ಸ್ಟಾಪಿನಲ್ಲಿ ನಿಲ್ಲಿಸಿದೆ. ಎರಡು ಬೆಲ್ ಆಯಿತು. ಹೊರಟೆ. ಹಿಂದಿನಿಂದ ಕಿರುಚಾಟ. ವಯಸ್ಸಾದ ಹೆಂಗಸೊಬ್ಬರು ರಸ್ತೆಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. 'ನಾನಿನ್ನೂ ಮೆಟ್ಟಿಲ ಮೇಲೇ ಇದ್ದೆ' ಎಂದು ಅವರು ಅಳುತ್ತಿದ್ದರು.

ಚಿಲ್ಲರೆ ಹೇಳಿಕೆ ಬರೆದುಕೊಟ್ಟಿದ್ದಾನೆ: ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ, ನೋಡಿಯೇ ಬೆಲ್ ಹೊಡೆದೆ. ಅಷ್ಟೇ. ಉಳಿದದ್ದನ್ನು ಇನ್‌ಸ್ಪೆಕ್ಟರು ತಾನೇ ಪೂರ್ತಿ ಮಾಡಿಕೊಂಡ. ಮೆಟ್ಟಿಲ ಮೇಲೆ ಇರಲಿಲ್ಲ ಅಂದರೆ ಒಳಗಿದ್ದರು. ಒಳಗಿದ್ದವರು ಹೊರಗೆ ಬಿದ್ದರು ಅಂದರೆ ಡ್ರೈವರು ಜರ್ಕ್ ಹೊಡೆಸಿದ. ವಿಚಾರಣೆ ಮುಗಿಯುವ ತನಕ ನಾನು ಅಮಾನತು. ಚಿಲ್ಲರೆ ಇನ್ನೊಂದು ಬಸ್ಸಿನಲ್ಲಿ ರಾಜಾರೋಷವಾಗಿ ಡ್ಯೂಟಿ ಮಾಡುತ್ತಿದ್ದಾನೆ. ನನ್ನ ತಲೆಯ ಮೇಲೆ ಗೂಬೆ ಕೂರಿಸಿ, ತಾನು ಟಿಕೆಟ್ ಹರಿಯುತ್ತಿದ್ದಾನೆ.

ಇಂಥವನ ಜೊತೆ ನಾನು ಬೆಟ್ಟಕ್ಕೆ ಹೋಗಬೇಕಂತೆ! ಏಪ್ರಿಲ್ ಮೊದಲ ವಾರ, ಬೆಟ್ಟದ ಮೇಲಿನ ರಾಜ್ಯ ಉದ್ಯಾನದಲ್ಲಿ ಇಳಿಜಾರೆಲ್ಲ ಹೂ ಬಿಡುವ ಸಮಯಕ್ಕೆ, ಅಲ್ಲಿನ ಅತಿಥಿಗೃಹದಲ್ಲಿ ಎರಡು ರೂಮು. ನಮಗೊಂದು, ಅವರಿಗೊಂದು. ಇಷ್ಟು ವರ್ಷ ಇಬ್ಬರೂ 'ಮುಂದಿನ ವಸಂತಕ್ಕೆ' ಎಂದು ತಳ್ಳುತ್ತಲೇ ಬಂದಿದ್ದೆವು. ಈ ಸಲ ಅವನೇ ಗಂಟುಬಿದ್ದ. 'ಈ ವರ್ಷ ಹೋಗಲೇಬೇಕು ಕಣೋ' ಎಂದು ಆರು ತಿಂಗಳ ಹಿಂದೆಯೇ ಬುಕ್ ಮಾಡಿಸಿದ. ಏನು ಅವಸರವೋ.

ಫೆಬ್ರವರಿ ೫, ಗುರುವಾರ

ಉದ್ಯಾನದ ಕಚೇರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡಳು. ಒಂದು ರೂಮು ರದ್ದು ಮಾಡಿ ಎಂದೆ.

"ಎರಡೂ ಒಂದೇ ರಸೀದೀಲಿದೆ. ಮಾಡಿದ್ರೆ ಪೂರ್ತಿ ರದ್ದು. ಅರ್ಧ ಆಗಲ್ಲ."

"ಅರ್ಧ ಜನ ಬರ್ತಿಲ್ಲಮ್ಮ."

"ಬರದಿದ್ರೆ ರೂಮು ಖಾಲಿ ಇರುತ್ತೆ. ಬೆಟ್ಟಕ್ಕೇನೂ ಬೇಜಾರಿಲ್ಲ."

ಹಾಗಾದರೆ ಪೂರ್ತಿ ರದ್ದು ಮಾಡಿಬಿಡಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಇವಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಎಲ್ಲಾ ಹಾಗೇ ಇರಲಿ, ಬರ್ತೀವಿ" ಎಂದು ಇಟ್ಟೇಬಿಟ್ಟಳು. ಚಿಲ್ಲರೆಯ ಹೆಂಡತಿಯೂ ಇವಳೂ ಒಡಹುಟ್ಟಿದವರಿಗಿಂತ ಹೆಚ್ಚು. "ಅಕ್ಕನೂ ನಾನೂ ಹೋಗೋದೇ. ನೀವಿಬ್ರು ಬೇಕಾದ್ರೆ ಒಬ್ಬೊಬ್ರು ಒಂದೊಂದು ಬೆಟ್ಟಕ್ಕೆ ಹೋಗಿ" ಎಂದಳು.

ಹೋಗುತ್ತೇನೆ. ಅವನ ಜೊತೆ ಒಂದು ಮಾತೂ ಆಡದೆ ಹೋಗಿ ಬರುತ್ತೇನೆ.

ಫೆಬ್ರವರಿ ೯, ಸೋಮವಾರ

ಮನೆಯಲ್ಲಿ ಕೂತು ಕೂತು ಬೆನ್ನು ಹಿಡಿಯಿತು. ನಲ್ಲಿಯ ವಾಷರ್ ಬದಲಾಯಿಸಿದೆ. ಕಪಾಟಿನ ಬಾಗಿಲಿಗೆ ಎಣ್ಣೆ ಬಿಟ್ಟೆ. ಪಾತ್ರೆಗಳನ್ನು ಅಳತೆಯ ಪ್ರಕಾರ ಜೋಡಿಸಿದ್ದಕ್ಕೆ ಇವಳು, "ತುಂಬಿದ ಕೊಡ ತುಳುಕಲ್ಲ ಅಂತಾರೆ. ಈ ಕೊಡ ಬೆಳಗ್ಗೆಯಿಂದ ನನ್ನ ಅಡುಗೆಮನೆ ತುಂಬಾ ತುಳುಕ್ತಾ ಇದೆ" ಎಂದು ಹೊರಗೆ ಅಟ್ಟಿದಳು.

ಉದ್ಯಾನದವರ ನಕಾಶೆ ಅಂಚೆಯಲ್ಲಿ ಬಂದಿದೆ. ಮೇಜಿನ ಮೇಲೆ ಹರವಿಕೊಂಡು ಕೂತೆ. ಶಿಖರಕ್ಕೆ ಎರಡು ದಾರಿ. ಒಂದು ಸುತ್ತುದಾರಿ, ಮಕ್ಕಳು ಮುದುಕರು ಹೋಗುವಂಥದ್ದು. ಇನ್ನೊಂದು ನೇರ ಮೇಲಕ್ಕೆ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹತ್ತಬೇಕು, ಒಂದು ಪಕ್ಕಕ್ಕೆ ಪ್ರಪಾತ. ನಾನು ಕಲ್ಲಿನ ದಾರಿಗೇ ಪೆನ್ಸಿಲ್ ಗೆರೆ ಎಳೆದೆ. ಚಿಲ್ಲರೆಗೆ ಹೊಟ್ಟೆ ಬಂದಿದೆ. ಏದುಸಿರು ಬಿಡುತ್ತ ಹತ್ತಲಿ. ಅರ್ಧದಲ್ಲಿ ಕೂತು 'ಇರೋ, ನಿಲ್ಲೋ' ಎಂದು ಗೋಗರೆಯಲಿ. ನಾನು ನಿಲ್ಲುವುದಿಲ್ಲ.

ಸ್ವಲ್ಪ ಹಗುರವಾಯಿತು. ಊಟ ಸೇರಿತು.

ಫೆಬ್ರವರಿ ೧೪, ಶನಿವಾರ

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಹೆಂಗಸರ ಸಂಚು. ಬೆಟ್ಟಕ್ಕೆ ಏನೇನು ಒಯ್ಯಬೇಕು ಎಂದು ಮಾತಾಡಲು ಎಂಬ ನೆಪ.

ಒಳಗೆ ಬರುತ್ತಲೇ ಬಾಗಿಲ ಪಕ್ಕದ ಸ್ಟೂಲನ್ನು ಒದ್ದ. ಇಷ್ಟು ವರ್ಷದಿಂದ ಅಲ್ಲೇ ಇರುವ ಸ್ಟೂಲು. ಸೋಫಾದ ಮೇಲೆ ನೆಟ್ಟಗೆ ಕೂತು ಎದುರಿನ ಗೋಡೆ ನೋಡತೊಡಗಿದ. ಮನೆಗೆ ಬಂದವರ ಮುಂದೆ ನನ್ನ ಮರ್ಯಾದೆ ನಾನು ಬಿಡುವುದಿಲ್ಲ. ಬಿಸ್ಕತ್ತಿನ ತಟ್ಟೆಯನ್ನು ಪಕ್ಕದಿಂದ ಹಿಡಿದೆ. ಮನುಷ್ಯ ತಿರುಗಿಯೂ ನೋಡಲಿಲ್ಲ! ಕೈ ಸೋಲುವ ತನಕ ಹಿಡಿದುಕೊಂಡು ನಿಂತಿದ್ದೆ, ಬೇಡ ಎಂದು ಕೂಡ ಅನ್ನಲಿಲ್ಲ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಾಗ ಬೆಚ್ಚಿಬಿದ್ದವನ ಹಾಗೆ ನಟಿಸಿದ. ತಪ್ಪು ಮಾಡಿದವನಿಗೆ ಇಷ್ಟು ಸೊಕ್ಕು.

"ಏನೋ, ಮೆಟ್ಟಿಲ ಮೇಲೆ ಯಾರೂ ಇರ್ಲಿಲ್ವಾ?" ಎಂದೆ. ಮಾತಾಡಬಾರದು ಅಂದುಕೊಂಡಿದ್ದು ಅಲ್ಲಿಗೆ ಹೋಯಿತು.

"ಇರ್ಲಿಲ್ಲ ಕಣೋ. ನನ್ನ ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ಆಯಮ್ಮ ಆಕಾಶದಿಂದ ಬಿದ್ರಾ?"

"ನೀನು ಜರ್ಕ್ ಹೊಡೆಸಿದೆ ಅಂತ ನಾನೆಲ್ಲೂ ಬರ್ದಿಲ್ಲ."

"ಬರೀದೇನೇ ಬರ್ದಂಗಾಯ್ತಲ್ಲೋ! ನಾನು ಮನೇಲಿ ಪಾತ್ರೆ ಜೋಡಿಸ್ತಾ ಕೂತಿದೀನಿ!"

"ಕಂಡಿದ್ದನ್ನ ಬರ್ದೆ. ಕಾಣದ್ದನ್ನ ಹೆಂಗೆ ಬರೀಲಿ?" ಅವನ ಧ್ವನಿ ನಡುಗಿತು. ನಡುಗಲಿ.

ಅವನ ಹೆಂಡತಿ ಎದ್ದು, "ಬನ್ನಿ, ಹೋಗೋಣ" ಎಂದರು. ನಾನು ಅತ್ತಿಗೆ ಎಂದೇ ಕರೆಯುವುದು ಅವರನ್ನು. ಅವರ ಮುಖ ನೋಡಲು ನನಗಾಗಲಿಲ್ಲ. ಹೋಗುವಾಗ ಚಿಲ್ಲರೆ ಬಾಗಿಲ ಚೌಕಟ್ಟಿಗೆ ಹೆಗಲು ಬಡಿಸಿಕೊಂಡ. ಸರಿಯಾಗಿ ಬಿತ್ತು ಅಂದುಕೊಂಡೆ.

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರಲ್ಲ, ನೆನಪಿಟ್ಕೊಳ್ಳಿ" ಎಂದಳು ಇವಳು. ಯಾರ ಮೂಗು ಯಾರು ಕೊಯ್ದದ್ದು ಅಂತ ಮೊದಲು ಕೇಳಲಿ.

ಫೆಬ್ರವರಿ ೧೫, ಭಾನುವಾರ

ಏನೂ ಬರೆಯುವುದಿಲ್ಲ. ಬರೆದರೆ ಪೆನ್ನು ಮುರಿಯುತ್ತದೆ.

ಫೆಬ್ರವರಿ ೨೪, ಮಂಗಳವಾರ

ಡಿಪೋಗೆ ಕರೆಸಿದ್ದರು. ವಿಚಾರಣೆ ಮಾರ್ಚ್ ಹನ್ನೊಂದಕ್ಕೆ. ಕಾಗದ ತೆಗೆದುಕೊಂಡು ಹೊರಗೆ ಬಂದರೆ, ಎದುರಿನ ಸ್ಟಾಪಿನಲ್ಲಿ ಚಿಲ್ಲರೆ ನಿಂತಿದ್ದ. ಡ್ಯೂಟಿ ಮುಗಿಸಿ ಮನೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ. ನನಗೂ ಅದೇ ಬಸ್ಸು. ನಾನೇಕೆ ಹೆದರಿ ದೂರ ನಿಲ್ಲಬೇಕು ಎಂದು ಹೋಗಿ ಅವನ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ನಿಂತೆ. ನೋಡಲೇ ಇಲ್ಲ. ಕೆಮ್ಮಿದರೆ ತಿರುಗಿಯಾನು, ಕೆಮ್ಮುವುದೂ ಬೇಡ ಅಂದುಕೊಂಡೆ. ನೆಟ್ಟಗೆ ರಸ್ತೆ ನೋಡುತ್ತ ನಿಂತಿದ್ದ. ಇಷ್ಟು ವರ್ಷದ ಒಡನಾಟಕ್ಕೆ ಒಂದು ಕಡೆಗಣ್ಣಿನ ನೋಟವೂ ಇಲ್ಲ. ರಕ್ತ ಕುದಿಯಿತು.

ಬಸ್ಸು ಅಂಚಿಗೆ ಬರದೆ ರಸ್ತೆಯ ನಡುವೆಯೇ ನಿಂತಿತು. ಅವನು ರಸ್ತೆಗೆ ಇಳಿದ. ಬಲಗಡೆಯಿಂದ ಹಾಲಿನ ಕ್ಯಾನು ಹೊತ್ತ ಮೋಟಾರ್ ಸೈಕಲ್ ಬರುತ್ತಿತ್ತು. ಹಾರನ್ ಹೊಡೆಯುತ್ತಲೇ ಬರುತ್ತಿತ್ತು. ಇವನು ಆ ಕಡೆ ತಿರುಗಿ ನೋಡಿದ, ನೋಡಿದ ಅಂತಲೇ ನನಗನ್ನಿಸಿತು, ನೋಡಿ ಮತ್ತೆ ಹೆಜ್ಜೆ ಇಟ್ಟ. ಕಾಲರು ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಫುಟ್‌ಪಾತಿನ ಮೇಲೆ ದೊಪ್ಪನೆ ಕೂತೆವು. ಅವನ ಚೀಲದಿಂದ ನಾಣ್ಯಗಳೆಲ್ಲ ಚೆಲ್ಲಿದವು.

"ಕುರುಡನೇನೋ ನೀನು?" ಎಂದು ಕೂಗಿದೆ.

ಅವನು ನನ್ನನ್ನು ಹುಡುಕುವವನ ಹಾಗೆ ತಲೆ ತಿರುಗಿಸಿದ. ಮುಖ ಪೂರ್ತಿ ನನ್ನ ಕಡೆ ಬಂದ ಮೇಲೆಯೇ, "ನೀನಾ? ಯಾವಾಗ ಬಂದೆ?" ಎಂದ.

ಆಗ ಒಂದೊಂದಾಗಿ ನೆನಪಿಗೆ ಬಂದವು. ಸ್ಟೂಲು, ತಟ್ಟೆ, ಬಾಗಿಲ ಚೌಕಟ್ಟು. ನಾಣ್ಯ ಆರಿಸುತ್ತ ಕೂತಿದ್ದ. ಮುಂದಿದ್ದವೆಲ್ಲ ಚಕಚಕ ಸಿಕ್ಕವು. ಮೊಣಕಾಲ ಪಕ್ಕದಲ್ಲಿ ಬಿದ್ದಿದ್ದು ಒಂದೂ ಸಿಗಲಿಲ್ಲ. ನಾನೇ ಆರಿಸಿ ಕೊಟ್ಟೆ.

ಹೇಳಿದ. ಗ್ಲಾಕೋಮಾ ಅಂತೆ. ಕಣ್ಣಿನ ಒಳಗಿನ ಒತ್ತಡ. ಹೋದ ವರ್ಷವೇ ಡಾಕ್ಟರು ಹೇಳಿದ್ದರಂತೆ. "ಮುಂದಿರೋದೆಲ್ಲ ಚೆನ್ನಾಗೇ ಕಾಣುತ್ತೆ ಕಣೋ. ನೋಟು ಕಾಣುತ್ತೆ, ಟಿಕೆಟ್ ಕಾಣುತ್ತೆ, ನಿನ್ನ ಬೋಳುತಲೆ ಕಾಣುತ್ತೆ. ಪಕ್ಕದ್ದು ಕಾಣಲ್ಲ. ಕಾಣ್ತಿಲ್ಲ ಅನ್ನೋದೂ ಗೊತ್ತಾಗಲ್ಲ, ಅದೇ ಕಷ್ಟ. ಅವತ್ತು ನಿಜವಾಗ್ಲೂ ಮೆಟ್ಟಿಲು ಖಾಲಿ ಅಂತಲೇ ಅನ್ನಿಸ್ತು. ನಿಮ್ಮನೇಲಿ ಸ್ಟೂಲು ಒದ್ದ ಮೇಲೆ, ಹೋಗ್ತಾ ದಾರೀಲಿ ಯೋಚನೆ ಬಂತು, ಅವತ್ತೂ ಹೀಗೇ ಆಗಿರ್ಬೇಕು ಅಂತ."

"ದೃಷ್ಟಿ ಇನ್ನೂ ಹೋಗುತ್ತಾ?"

"ಹೋಗಿದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿದ್ರೆ ಉಳಿದದ್ದು ನಿಧಾನಕ್ಕೆ ಹೋಗುತ್ತೆ. ಕೊಳವೆ ಥರ ಸಣ್ಣ ಆಗ್ತಾ ಬರುತ್ತಂತೆ."

ಅದಕ್ಕೇ ಈ ವಸಂತಕ್ಕೆ ಬೆಟ್ಟ. ಅದಕ್ಕೇ ಅವಸರ.

ಫೆಬ್ರವರಿ ೨೫, ಬುಧವಾರ

ನಿನ್ನೆಯಿಂದ ಇಷ್ಟು ಸಿಟ್ಟು ಬಂದಿರುವುದು ಆ ಹೇಳಿಕೆಗೂ ಬಂದಿರಲಿಲ್ಲ.

ಒಂದು ವರ್ಷ! ಒಂದು ವರ್ಷ ಅವನ ಬೆಲ್ ನಂಬಿ ಊರ ತುಂಬ ಬಸ್ಸು ಓಡಿಸಿದ್ದೇನೆ. ದಿನಕ್ಕೆ ಎಷ್ಟು ಸ್ಟಾಪು, ಎಷ್ಟು ಮಕ್ಕಳು ಮುದುಕರು ಆ ಮೆಟ್ಟಿಲಿಳಿದಿದ್ದಾರೆ! ಮಣಿಕಟ್ಟಿಗೇ ಮುಗಿದದ್ದು ನಮ್ಮ ಪುಣ್ಯ. ಒಂದು ಮಾತು ಹೇಳಿದ್ದರೆ ನಾನು ತಿರುಗಿ ನೋಡುತ್ತಿದ್ದೆ. ಎದ್ದು ಹೋಗಿ ನೋಡುತ್ತಿದ್ದೆ. ಊಟದ ಡಬ್ಬಿ ಹಂಚಿಕೊಂಡು ತಿಂದವನು ಇದೊಂದನ್ನು ಹಂಚಿಕೊಳ್ಳಲಿಲ್ಲ. 'ನಿವೃತ್ತಿಗೆ ಎರಡೇ ವರ್ಷ ಇತ್ತು, ಕೆಲಸದಿಂದ ತೆಗೆದುಬಿಡ್ತಾರೆ ಅಂತ ಹೆದರಿದೆ' ಎಂದ. ಹೆದರುವವನು ನನ್ನ ಮುಂದೆ ಹೆದರಬೇಕಿತ್ತು!

ಅಲ್ಲೇ ಫುಟ್‌ಪಾತಿನ ಮೇಲೆ ಹೇಳಿದೆ: "ನಾಳೆಯಿಂದ ಬಸ್ ಹತ್ತಬೇಡ. ಹತ್ತಿದ್ರೆ ನಾನೇ ಡಿಪೋಗೆ ಹೋಗಿ ಹೇಳ್ತೀನಿ." ತಲೆ ಆಡಿಸಿದ. ಈವತ್ತಿನಿಂದ ರಜೆ ಹಾಕಿದ್ದಾನೆ ಎಂದು ಅತ್ತಿಗೆ ಫೋನ್ ಮಾಡಿದ್ದರಂತೆ.

ವಿಚಾರಣೆಯಲ್ಲಿ ನಾನು ನಿಜ ಹೇಳುತ್ತೇನೆ. ಎರಡು ಬೆಲ್ ಆಯಿತು, ಜರ್ಕ್ ಆಗಲಿಲ್ಲ. ಕಣ್ಣಿನ ವಿಷಯ ನಾನಾಗಿ ಎತ್ತುವುದಿಲ್ಲ, ಅದು ಅವನ ಹಣೆಬರಹ. ಆದರೆ ಜರ್ಕ್ ಆಗಲಿಲ್ಲ ಎಂದ ಮೇಲೆ ತಪ್ಪು ಯಾರ ತಲೆಗೆ ಹೋಗುತ್ತದೆ ಎಂದು ನನಗೂ ಗೊತ್ತು. ಹೋಗಲಿ. ಮಾಡಿದ್ದುಣ್ಣೋ ಮಹಾರಾಯ.

ಮಾರ್ಚ್ ೩, ಮಂಗಳವಾರ

ಉದ್ಯಾನಕ್ಕೆ ಫೋನ್. ಸುತ್ತುದಾರಿಗೆ ಕಟಕಟೆ ಇದೆಯಾ ಎಂದು ಕೇಳಿದೆ. ಇದೆ, ಕಣಿವೆಯ ಕಡೆಗೆ ಉದ್ದಕ್ಕೂ ಕಬ್ಬಿಣದ ಕಂಬಿ ಹಾಕಿದ್ದಾರಂತೆ. ಎಷ್ಟು ಎತ್ತರ? ಸೊಂಟದ ಮಟ್ಟ. ಎಲ್ಲಾದರೂ ಮುರಿದಿದೆಯಾ? ದಾರಿಯ ಪಕ್ಕದಲ್ಲಿ ಬೇರು ಗೀರು ಎದ್ದಿದೆಯಾ? ರೂಮಿನ ಬಾಗಿಲಿಗೆ ಮೆಟ್ಟಿಲಿದೆಯಾ?

"ನಿಮಗೆ ವಯಸ್ಸೆಷ್ಟು ಸರ್?" ಎಂದಳು.

"ನನಗೆ ಮಂಡಿನೋವು" ಎಂದೆ. ಇಲ್ಲದ ಮಂಡಿನೋವು.

ಪೆನ್ಸಿಲ್ ಗೆರೆ ಅಳಿಸಿ ಸುತ್ತುದಾರಿಗೆ ಎಳೆದೆ. ಕಲ್ಲಿನ ದಾರಿಯಲ್ಲಿ ಅವನು ಬಿದ್ದರೆ ಹೊತ್ತು ತರುವವನು ನಾನೇ ತಾನೆ? ಆ ಹೊಟ್ಟೆಯನ್ನು ಹೊರುವುದಕ್ಕೆ ನನಗೇನು ಹುಚ್ಚೇ?

ಮಾರ್ಚ್ ೭, ಶನಿವಾರ

ಮತ್ತೆ ಫೋನ್. ಹೂಗಳು ದಾರಿಯ ಅಕ್ಕಪಕ್ಕ ಬಿಡುತ್ತವೋ, ಎದುರಿಗೆ ಕಾಣುವ ಹಾಗೆ ಎಲ್ಲಾದರೂ ಬಿಡುತ್ತವೋ? ಅಕ್ಕಪಕ್ಕ ಬಿಟ್ಟರೆ ಏನು ಪ್ರಯೋಜನ? ನೆಟ್ಟಗೆ ಎದುರಿಗೆ ಇರಬೇಕು.

"ನಿಮಗೆ ಹೂ ನೋಡ್ಬೇಕಾ, ಹೂವಿನ ಜಾತಕ ಬೇಕಾ?" ಎಂದಳು ಆ ಹೆಂಗಸು. ಆದರೂ ಯಾರನ್ನೋ ಕೇಳಿ ಬಂದು ಹೇಳಿದಳು. ಮೂರನೆಯ ತಿರುವಿನಲ್ಲಿ ಒಂದು ಬೆಂಚು ಇದೆಯಂತೆ. ಅಲ್ಲಿ ನಿಂತರೆ ಕಣಿವೆಯಾಚೆಯ ಇಳಿಜಾರು ಪೂರ್ತಿ ಎದುರಿಗೆ. ಬೆಳಗ್ಗೆ ಹೋದರೆ ಬಿಸಿಲು ಬೆನ್ನಿಗೆ, ಕಣ್ಣಿಗೆ ಹೊಡೆಯುವುದಿಲ್ಲ. ನಕಾಶೆಯಲ್ಲಿ ಆ ತಿರುವಿಗೆ ಒಂದು ಸೊನ್ನೆ ಸುತ್ತಿದ್ದೇನೆ.

ಚಿಲ್ಲರೆಯ ಮೇಲಿನ ಸಿಟ್ಟು ಹಾಗೇ ಇದೆ. ಇದನ್ನು ಬರೆದಿಡುತ್ತೇನೆ, ಇಲ್ಲದಿದ್ದರೆ ಇವಳು ಏನೇನೋ ತಿಳಿದುಕೊಳ್ಳುತ್ತಾಳೆ. ಫೋನ್ ಮಾಡುವಾಗ ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತ ನಗುತ್ತಿದ್ದಳು.

ಮಾರ್ಚ್ ೧೦, ಮಂಗಳವಾರ

ನಾಳೆ ವಿಚಾರಣೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡೆ. "ಎರಡು ಬೆಲ್ ಆಯ್ತು ಸರ್. ಜರ್ಕ್ ಆಗಲಿಲ್ಲ ಸರ್." ಸರಿಯಾಗಿದೆ. ಸತ್ಯಕ್ಕೆ ರಿಹರ್ಸಲ್ ಯಾಕೆ ಎಂದಳು ಇವಳು.

ಮಾರ್ಚ್ ೧೧, ಬುಧವಾರ

ಏನಾಯಿತು ಎಂದು ನನಗೇ ಸರಿಯಾಗಿ ಅರ್ಥವಾಗಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಹೊರಗಿನ ಬೆಂಚಿನ ಮೇಲೆ ಆ ಹೆಂಗಸು ಕೂತಿದ್ದರು, ಕೈಗೆ ಪ್ಲಾಸ್ಟರು. ಇಷ್ಟು ದಿನ ನಾನಾಗಲಿ ಚಿಲ್ಲರೆಯಾಗಲಿ ಹೋಗಿ ನೋಡಿರಲಿಲ್ಲ. ನಮ್ಮ ನಮ್ಮ ಜಗಳದಲ್ಲೇ ಮುಳುಗಿದ್ದೆವು. ನಾಚಿಕೆಯಾಯಿತು. ಹೋಗಿ, "ಹೇಗಿದೆಯಮ್ಮ ಕೈ?" ಎಂದೆ.

"ಪ್ಲಾಸ್ಟರ್ ಬಿಚ್ಚಬೇಕು ಇನ್ನೂ" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀವೇ ಅಲ್ವಾ ಡ್ರೈವರು? ದಿನಾ ನಿಮ್ಮ ಬಸ್ಸಿಗೇ ಬರ್ತಿದ್ದೆ. ಬೇರೆ ಬಸ್ಸಲ್ಲಾದ್ರೆ ಎರಡು ಕೈಯಲ್ಲಿ ಕಂಬಿ ಹಿಡೀತೀನಿ. ನಿಮ್ಮ ಬಸ್ಸಲ್ಲಿ ಹಿಡಿದೋಳೇ ಅಲ್ಲ. ಅವತ್ತೂ ಹಿಡಿದಿರ್ಲಿಲ್ಲ" ಎಂದರು.

ದೂರುವ ಧ್ವನಿಯೂ ಅಲ್ಲ. ಇದ್ದದ್ದನ್ನು ಹೇಳಿದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಒಳಗೆ ಕರೆದರು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿದ. ಆ ತಾಯಿ ತಾವು ಮೆಟ್ಟಿಲ ಮೇಲಿದ್ದದ್ದನ್ನು ಹೇಳಿದರು. ನನ್ನ ಸರದಿ ಬಂತು.

"ಎರಡು ಬೆಲ್ ಆಯ್ತಾ?"

"ಆಯ್ತು ಸರ್."

"ಹೊರಟಾಗ ಜರ್ಕ್ ಆಯ್ತಾ?"

ಚಿಲ್ಲರೆ ಗೋಡೆಯ ಹತ್ತಿರ ನಿಂತಿದ್ದ. ನನ್ನ ಕಡೆಗೇ ಮುಖ ಮಾಡಿದ್ದನೋ ಕಿಟಕಿಯ ಕಡೆಗೋ, ಈಗ ಹೇಳಲು ಬರುವುದಿಲ್ಲ. ನಾನು ಬಾಯಿ ತೆರೆದೆ. "ಸ್ವಲ್ಪ ಎಳೆದಿರಬಹುದು ಸರ್" ಎಂದುಬಿಟ್ಟೆ.

ನನ್ನ ನಾಲಿಗೆಗೆ ಬೆಂಕಿ ಹಾಕ! ಮೂವತ್ತು ವರ್ಷದಲ್ಲಿ ಯಾರೂ ಹೇಳದ ಮಾತನ್ನು ನನ್ನ ಬಗ್ಗೆ ನಾನೇ ಹೇಳಿದೆ. ಆ ಕೋಣೆಯ ಸೆಕೆಗೆ ತಲೆ ಕೆಟ್ಟಿತ್ತೆಂದು ಕಾಣುತ್ತದೆ.

ಅಧಿಕಾರಿ ಬರೆದುಕೊಂಡ. ಅಷ್ಟರಲ್ಲಿ ಚಿಲ್ಲರೆ ಮುಂದೆ ಬಂದ, ಮೇಜಿನ ಮೂಲೆಗೆ ತೊಡೆ ಬಡಿಸಿಕೊಂಡು. ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಇಟ್ಟ.

"ಎಳೆದಿಲ್ಲ ಸರ್. ಇವನ ಬಸ್ಸು ಎಳೆಯಲ್ಲ. ಅಮ್ಮ ಮೆಟ್ಟಿಲ ಮೇಲೇ ಇದ್ರು. ನನಗೆ ಕಾಣಲಿಲ್ಲ. ನನಗೆ ಪಕ್ಕದ್ದು ಕಾಣಲ್ಲ, ಒಂದು ವರ್ಷ ಆಯ್ತು." ಆಮೇಲೆ ಇಡೀ ಮೈ ತಿರುಗಿಸಿ ಆ ತಾಯಿಯ ಎದುರಿಗೆ ನಿಂತು ಕೈ ಮುಗಿದ. "ತಪ್ಪಾಯ್ತಮ್ಮ" ಎಂದ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅಧಿಕಾರಿ ಪೆನ್ನು ಕೆಳಗಿಟ್ಟ. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ನೀವಿಬ್ರೂ ಇಷ್ಟು ವರ್ಷ ಒಂದೇ ಬಸ್ಸು ಹೇಗ್ರೀ ಓಡಿಸಿದ್ರಿ?"

ಹೊರಗೆ ಬಂದ ಕೂಡಲೇ ಅವನ ಅಂಗಿ ಹಿಡಿದೆ.

"ನೀನ್ಯಾಕೋ ನಿಜ ಹೇಳಿದೆ?"

"ನೀನ್ಯಾಕೋ ಸುಳ್ಳು ಹೇಳಿದೆ?"

ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ಇಳಿಯುವಾಗ ನಾನು ಮೊದಲು ಇಳಿದು ಮೆಟ್ಟಿಲ ಬಳಿ ನಿಂತೆ.

ಮಾರ್ಚ್ ೧೮, ಬುಧವಾರ

ಆದೇಶ ಬಂತು. ನನ್ನ ಅಮಾನತು ರದ್ದು. ಆದರೆ ವಿಚಾರಣೆಯಲ್ಲಿ ತಪ್ಪು ಹೇಳಿಕೆ ಕೊಟ್ಟದ್ದಕ್ಕೆ ಲಿಖಿತ ಎಚ್ಚರಿಕೆ. ನನ್ನ ಸೇವೆಯಲ್ಲಿ ಮೊದಲನೆಯ ಕಪ್ಪುಚುಕ್ಕೆ, ಅದೂ ಮಾಡದ ತಪ್ಪನ್ನು ಮಾಡಿದೆ ಅಂದದ್ದಕ್ಕೆ! ಬಂಗಾರದಂಥ ಹೆಸರು ಹೋಯಿತು.

ಚಿಲ್ಲರೆ ಇನ್ನು ಬಸ್ಸು ಹತ್ತುವ ಹಾಗಿಲ್ಲ. ವೈದ್ಯಕೀಯ ತಪಾಸಣೆ ಆಗಿ, ನಿವೃತ್ತಿಯ ತನಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರಬೇಕು. ರೋಗ ಮುಚ್ಚಿಟ್ಟದ್ದಕ್ಕೆ ಅವನಿಗೂ ಶಿಕ್ಷೆಯಿದೆ, ಸಂಬಳದ ಬಡ್ತಿ ಕಡಿತ. ಅತ್ತಿಗೆ ಫೋನಿನಲ್ಲಿ ಅಳುತ್ತಲೇ ನಗುತ್ತಿದ್ದರು. ಕಾಲಾದರೂ ನೆಲದ ಮೇಲಿರುತ್ತಲ್ಲ ಎಂದರು.

ಮಾರ್ಚ್ ೨೩, ಸೋಮವಾರ

ಡ್ಯೂಟಿಗೆ ಹೋದೆ. ಹೊಸ ಕಂಡಕ್ಟರು ಇವಳ ತಂಗಿಯ ವಯಸ್ಸಿನ ಹೆಂಗಸು. ಬಾಗಿಲಿಗೆ ಬಂದು ಬಗ್ಗಿ ನೋಡಿ ಬೆಲ್ ಹೊಡೆಯುತ್ತಾಳೆ. ಒಂದು ತಪ್ಪು ಹುಡುಕೋಣವೆಂದರೆ ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು. ಚಿಲ್ಲರೆಯ ಎರಡು ಬೆಲ್ಲಿನ ನಡುವೆ ಒಂದು ಸಣ್ಣ ತಡೆ ಇರುತ್ತಿತ್ತು, ಉಸಿರು ತೆಗೆದುಕೊಂಡ ಹಾಗೆ. ಈ ಹೊಸಬಳದ್ದು ಒಂದರ ಹಿಂದೆ ಒಂದು.

ವರ್ಕ್‌ಶಾಪಿನವನ ಜೊತೆ ಜಗಳವಾಡಿ ಹಿಂದಿನ ಬಾಗಿಲು ಕಾಣುವ ಹಾಗೆ ಒಂದು ದುಂಡು ಕನ್ನಡಿ ಹಾಕಿಸಿಕೊಂಡೆ. "ಮೂವತ್ತು ವರ್ಷ ಬೇಕಾಗಿರ್ಲಿಲ್ಲ, ಈಗ್ಯಾಕೆ?" ಎಂದ. ನಿನ್ನ ಕೆಲಸ ನೋಡು ಎಂದೆ.

ಸಂಜೆ ನಿಲ್ದಾಣದಲ್ಲಿ ಮೈಕಿನಿಂದ ಅವನ ಧ್ವನಿ. ನನ್ನ ಬಸ್ಸಿನ ನಂಬರು ಹೇಳಿ, "ಪ್ರಯಾಣಿಕರು ಇಳಿಯುವಾಗ ದಯವಿಟ್ಟು ಕಂಬಿ ಹಿಡಿದುಕೊಳ್ಳಿ, ಡ್ರೈವರು ಎಂಥವನೇ ಆಗಿರಲಿ" ಎಂದ. ಇಡೀ ನಿಲ್ದಾಣ ನಕ್ಕಿತು. ಹಲ್ಲು ಕಡಿದುಕೊಂಡು ಬಸ್ಸು ಹೊರಡಿಸಿದೆ.

ಏಪ್ರಿಲ್ ೩, ಶುಕ್ರವಾರ

ನಾಳೆ ಹೊರಡುವುದು. ಬಾಡಿಗೆಗೆ ವ್ಯಾನು, ಅದಕ್ಕೊಬ್ಬ ಡ್ರೈವರು. ಇನ್ನೊಬ್ಬನ ಪಕ್ಕದಲ್ಲಿ ಕೂತು ಘಾಟಿ ಹತ್ತುವುದನ್ನು ನೆನೆದರೇ ಕಾಲು ತನ್ನಷ್ಟಕ್ಕೆ ಬ್ರೇಕ್ ಒತ್ತುತ್ತದೆ. ಚಿಲ್ಲರೆಯ ಡ್ರಾಪ್ಸ್ ತಣ್ಣಗಿರಬೇಕಂತೆ, ಐಸಿನ ಡಬ್ಬಿ ಹುಡುಕಲು ಮೂರು ಅಂಗಡಿ ಸುತ್ತಿದೆ. ಅವನಿಗೊಂದು ಊರುಗೋಲೂ ತಂದೆ. ನನ್ನ ಮಂಡಿಗೆ ಅಂತಲೇ ತಂದದ್ದು ಎಂದೆ ಇವಳಿಗೆ.

"ನಿಮಗೆ ಎತ್ತರ ಆಗುತ್ತಲ್ಲ ಅದು?"

ಅಡುಗೆಮನೆ ನೋಡಿಕೋ ಎಂದೆ.

ಏಪ್ರಿಲ್ ೫, ಭಾನುವಾರ

ಅತಿಥಿಗೃಹದ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನ ಹೆಂಗಸು ನಿನ್ನೆ ಸಂಜೆ ಬೀಗದ ಕೈ ಕೊಡುವಾಗ ನನ್ನ ಮಂಡಿ ನೋಡಿದಳು, ಚಿಲ್ಲರೆ ಹೊಸ್ತಿಲಿನ ಮುಂದೆ ತಲೆ ಬಗ್ಗಿಸಿ ಕಾಲಿಟ್ಟದ್ದನ್ನೂ ನೋಡಿದಳು. ನಮ್ಮ ದಾರಿಯಲ್ಲಿ ಬಿದ್ದಿದ್ದ ಕೊಂಬೆಯನ್ನು ತಾನೇ ಹೋಗಿ ಎಳೆದು ಹಾಕಿದಳು.

ಈವತ್ತು ಬೆಳಗ್ಗೆ ಹೆಂಗಸರಿಬ್ಬರೂ ಮಾತಾಡುತ್ತ ಮುಂದೆ ಹೊರಟುಹೋದರು. ಸುತ್ತುದಾರಿಯಲ್ಲಿ ನಾನು ಮುಂದೆ, ಅವನು ಹಿಂದೆ. ಹೀಗಿರಲಿ ಎಂದು ಯಾರೂ ಹೇಳಿದ್ದಲ್ಲ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ 'ಟಣ್' ಎಂದಿತು. ನಾನು ನಿಂತುಬಿಟ್ಟೆ. ಯೋಚಿಸುವ ಮೊದಲೇ ಕಾಲು ನಿಂತಿತ್ತು. ಅವನು ಊರುಗೋಲಿನಿಂದ ಕಬ್ಬಿಣದ ಕಂಬಿಗೆ ಹೊಡೆದಿದ್ದ. ಶೂಸಿನ ದಾರ ಕಟ್ಟಿಕೊಂಡು, ಟಣ್, ಆಮೇಲೆ ಆ ಸಣ್ಣ ತಡೆ, ಮತ್ತೆ ಟಣ್. ಹೊರಟೆ.

ಮೂರನೆಯ ತಿರುವು. ಆ ಹೆಂಗಸು ಸುಳ್ಳು ಹೇಳಿರಲಿಲ್ಲ. ಕಣಿವೆಯಾಚೆ ಇಡೀ ಇಳಿಜಾರು ಎದುರಿಗೆ ನಿಂತಿತ್ತು, ತುದಿಯಿಂದ ಬುಡದ ತನಕ ನೇರಳೆ ಮತ್ತು ಬಿಳಿ. ನಾನು ಒಂದೇ ನೋಟಕ್ಕೆ ನೋಡಿ ಮುಗಿಸಿದೆ. ಅವನದ್ದು ಮುಗಿಯಲಿಲ್ಲ. ಕೊಳವೆಯೊಳಗಿಂದ ನೋಡುವವನಿಗೆ ಬೆಟ್ಟ ಒಂದೇ ಸಲಕ್ಕೆ ಸಿಗುವುದಿಲ್ಲ. ಎಡಗಡೆಯ ತುದಿಯಿಂದ ಶುರುಮಾಡಿ, ಒಂದು ಮರ, ಅದರ ಪಕ್ಕದ ಮರ, ಅದರ ಕೆಳಗಿನ ಪೊದೆ ಎಂದು ತಲೆಯನ್ನು ಇಷ್ಟಿಷ್ಟೇ ತಿರುಗಿಸುತ್ತ ಹೋದ. ಟಿಕೆಟ್ ಕೊಡುತ್ತ ಬಸ್ಸಿನ ಒಂದು ಸೀಟನ್ನೂ ಬಿಡದೆ ಬರುತ್ತಿದ್ದದ್ದು ಹೀಗೆಯೇ.

"ಬೇಗ ನೋಡೋ, ಅವರು ಕಾಯ್ತಿರ್ತಾರೆ" ಎಂದೆ.

"ಇರೋ. ಅರ್ಧ ಬೆಟ್ಟ ಬಾಕಿ ಇದೆ."

ಬೆಂಚಿನ ಮೇಲೆ ಕೂತೆ. ಸಿಟ್ಟು ಬಂತು, ಇಷ್ಟು ದಿನ ಬಂದದ್ದಕ್ಕಿಂತ ಹೆಚ್ಚು. ಆದರೆ ಹಿಡಿದು ಬೈಯೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಮುಂದಿನ ವಸಂತಕ್ಕೆ ಇವನ ಕೊಳವೆ ಇನ್ನಷ್ಟು ಸಣ್ಣದಾಗಿರುತ್ತದೆ. ಬೆಟ್ಟ ಮಾತ್ರ ಇಷ್ಟೇ ದೊಡ್ಡದಾಗಿರುತ್ತದೆ. ಇದು ಯಾವ ನ್ಯಾಯ? ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ. ಶೀತಗಾಳಿ ಇತ್ತು ಅಲ್ಲಿ.

ಕೊನೆಗೆ ಬಲಗಡೆಯ ತುದಿ ಮುಟ್ಟಿದ. "ಆಯ್ತು ಕಣೋ. ಎಲ್ಲಾ ನೋಡಿದೆ" ಎಂದ. ಎದ್ದು ಮುಂದೆ ಹೋಗಿ ನಿಂತೆ.

ಟಣ್. ತಡೆ. ಟಣ್.

ಎರಡು ಬೆಲ್ ಆದ ಮೇಲೆ ಡ್ರೈವರು ಹಿಂದಿರುಗಿ ನೋಡಬೇಕೆಂಬ ನಿಯಮವಿಲ್ಲ. ನಾನು ನೋಡಿದೆ. ಅವನ ಎರಡೂ ಕಾಲು ದಾರಿಯ ಮೇಲಿದ್ದವು, ಒಂದು ಕೈ ಕಂಬಿಯ ಮೇಲಿತ್ತು. ಮುಖ ಇನ್ನೂ ಬೆಟ್ಟದ ಕಡೆಗೇ ಇದ್ದದ್ದರಿಂದ ನಾನು ನೋಡಿದ್ದು ಅವನಿಗೆ ಕಾಣಲಿಲ್ಲ. ಆಮೇಲೆ ಹೊರಟೆ, ಜರ್ಕ್ ಇಲ್ಲದೆ.